ಮಸೆಗಲ್ಲಿಗೆ ಎಣ್ಣೆ

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗೆ ಮನೆ ಮಾಡಿಕೊಂಡಿರುವ ಮಲ್ಲಿಕಸಾಬನಿಗೆ ದ್ರಾಕ್ಷಿ ಗಿಡಕ್ಕೆ ಕಸಿ ಕಟ್ಟುವುದೇ ಉದ್ಯೋಗ. ಅಪ್ಪ ಟಾಂಗಾ ಹೊಡೆಯುತ್ತಿದ್ದ. ವಿಜಯಪುರದ ಬೀದಿಯಲ್ಲಿ ಕುದುರೆಯ ಕಾಲ ಮುಗಿದು ಆಟೋದ ಕಾಲ ಬಂದಾಗ ಮಗ ಲಗಾಮು ಬಿಟ್ಟು ಚಾಕು ಹಿಡಿದ. ಅವನ ಕೈಯ ಬಗ್ಗೆ ತಿಕೋಟಾ ಸೀಮೆಯಲ್ಲಿ ಓಡಾಡುವ ಮಾತನ್ನೆಲ್ಲ ನಂಬುವುದಾದರೆ, ಅವನು ಒಮ್ಮೆ ಕಣ್ಣು ತಪ್ಪಿ ಹಂದರದ ಬಿದಿರು ಗೂಟಕ್ಕೆ ಕಸಿ ಕಟ್ಟಿಬಿಟ್ಟಿದ್ದನೆಂದೂ, ಮರುವರ್ಷ ಆ ಗೂಟ ಗೊನೆ ಬಿಟ್ಟಿತೆಂದೂ ನಂಬಬೇಕಾಗುತ್ತದೆ. ಯಾರಾದರೂ ಕೇಳಿದರೆ ಅವನು ಪ್ರಾಮಾಣಿಕವಾಗಿ ಅಲ್ಲಗಳೆಯುತ್ತಿದ್ದ: "ಗೊನಿ ಗಿನಿ ಎಲ್ಲಾ ಸುಳ್ಳರಿ. ಬರೇ ಎಲಿ ಬಿಟ್ಟಿತ್ತಷ್ಟ."

ಅಂಥವನು ಕಟ್ಟಿದ ಕಸಿ ಹೋದ ವರ್ಷ ಬಬಲೇಶ್ವರದ ಒಂದು ತೋಟದಲ್ಲಿ ಅರ್ಧಕ್ಕರ್ಧ ಒಣಗಿತು. "ಮಲ್ಲಿಕಸಾಬನ ಕೈ ಹೋತು" ಎಂಬ ಮಾತು ಬಬಲೇಶ್ವರದಲ್ಲಿ ಹುಟ್ಟಿ, ಅವನ ಮೊಪೆಡ್ಡನ್ನು ದಾರಿಯಲ್ಲೇ ಹಿಂದೆ ಹಾಕಿ, ಅವನಿಗಿಂತ ಮೊದಲು ಇಬ್ರಾಹಿಂಪುರ ಮುಟ್ಟಿತ್ತು. ಅವನು ಮನೆಗೆ ಬರುವಷ್ಟರಲ್ಲಿ ಹೆಂಡತಿ ಮಕ್ತುಮಬಿ ಕಾರಣವನ್ನೂ ಹುಡುಕಿ ಇಟ್ಟಿದ್ದಳು. ಕೈಯದೇನೂ ತಪ್ಪಿಲ್ಲ, ತಪ್ಪು ಮಸೆಗಲ್ಲಿನದು. ಚಾಕು ತಿಕ್ಕಿ ತಿಕ್ಕಿ ಆ ಕಲ್ಲಿನ ನಡುಭಾಗ ಎಮ್ಮೆ ಮಲಗಿದ ಮಡುವಿನಂತೆ ತಗ್ಗಾಗಿತ್ತು. ಅವಳು ಅದರಲ್ಲಿ ನೀರು ಹಾಕಿ ಕೋಳಿಮರಿಗಳ ಮುಂದಿಟ್ಟು ತೋರಿಸಿದಳು. ಮರಿಗಳು ಕುಡಿದವು. ಒಂದು ಮರಿ ಈಜಿತೆಂದೂ ಹೇಳುತ್ತಾರೆ.

ಮಲ್ಲಿಕಸಾಬ ಅಂದು ನಗಲಿಲ್ಲ. ತಗ್ಗು ಕಲ್ಲಿನಲ್ಲಿ ಮಸೆದ ಚಾಕುವಿನ ಬಾಯಿ ದುಂಡಾಗುತ್ತದೆ. ದುಂಡು ಬಾಯಿ ಕೊಯ್ದ ಕಡ್ಡಿಯ ಮುಖ ಉಬ್ಬಿ ಅದಕ್ಕೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಕಡ್ಡಿ, ಅದನ್ನು ಹೊರಬೇಕಾದ ಬೇರಿನ ಗಿಡದ ಸೀಳಿನಲ್ಲಿ ಮೈಗೆ ಮೈ ತಾಗಿಸಿ ಕೂರುವುದಿಲ್ಲ. ನಡುವೆ ಉಳಿಯುವುದು ಕೂದಲೆಳೆಯಷ್ಟು ಸಂದು. ಆದರೆ ಬಾಯಾರಿದ ಕಡ್ಡಿಗೆ ಆ ಕೂದಲೆಳೆ ತುಂಬಿದ ಕೃಷ್ಣಾ ಹೊಳೆ, ದಾಟಲಾಗದು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ: ತಪ್ಪು ನಿಜವಾಗಿಯೂ ಕಲ್ಲಿನದೋ, ಅಥವಾ ಮಕ್ತುಮಬಿ ಗಂಡನ ಮೇಲಿನ ಮರುಕಕ್ಕೆ ಕಲ್ಲನ್ನು ಬಯ್ದಳೋ?

ಈ ಶ್ರಾವಣದಲ್ಲಿ ಅವನು ಒಂದು ಹೊಸ ಮಸೆಗಲ್ಲು ಕೊಂಡ. ದುಂಡಾದ ಚಾಕುವನ್ನು ಚಕ್ರದ ಸಾಣೆಗೆ ಹಿಡಿಸಿ ಹಳೆಯ ಬಾಯಿಯನ್ನೆಲ್ಲ ತೆಗೆಸಿದ. ಈಗ ಚಾಕುವಿನ ಬಾಯಿ ಗರಗಸದಂತಿತ್ತು. ಹೊಸ ಕಲ್ಲು ಕಾಣುವ ತನಕ ಅದರಿಂದ ಉಳ್ಳಾಗಡ್ಡಿಯನ್ನೂ ಹೆಚ್ಚುವಂತಿರಲಿಲ್ಲ. ಕಲ್ಲು ಇನ್ನೂ ಚೀಲದಲ್ಲೇ ಇತ್ತು. ಅಂಥ ಒಂದು ಭಾನುವಾರ ಮಧ್ಯಾಹ್ನ ತಿಕೋಟಾದ ರಮೇಶ ಬಸ್ಸಿಳಿದು ಓಡುತ್ತ ಬಂದ.

ರಮೇಶ ಬಬಲೇಶ್ವರದ ಶಾಲೆಯಲ್ಲಿ ಮಾಸ್ತರ. ತಾಯಿ ಮಲಕವ್ವನ ಜೊತೆ ತಿಕೋಟಾದಲ್ಲೇ ಇದ್ದು ದಿನಾ ಹೋಗಿ ಬರುತ್ತಾನೆ. ಅದಕ್ಕಾಗಿಯೇ ಒಂದು ಕಾರು ತಂದಿದ್ದ. ಆ ದಿನ ಮುಂಜಾನೆ ಮನೆ ಮುಂದೆ ಕಾರಿನ ಪೂಜೆ. ಗಾಲಿಗೊಂದು ನಿಂಬೆಹಣ್ಣು. ಮಾಸ್ತರ ಒಳಗೆ ಕೂತು, ದೇವರನ್ನು ನೆನೆದು, ನಿಂಬೆಹಣ್ಣು ತುಳಿಸಲು ಗೇರು ಹಾಕಿದ. ಹಾಕಿದ್ದು ರಿವರ್ಸ್. ಕಾರು ನಿಂಬೆಹಣ್ಣಿನ ಜೊತೆಗೆ ಹಿಂದಿದ್ದ ಹಂದರದ ಕಂಬವನ್ನೂ, ಕಂಬಕ್ಕೆ ಹಬ್ಬಿದ್ದ ದ್ರಾಕ್ಷಿ ಬಳ್ಳಿಯನ್ನೂ ತುಳಿಯಿತು. ಬೊಡ್ಡೆಗೆ ಮೊದಲೇ ಗೆದ್ದಲು ಹಿಡಿದಿತ್ತು. ಬೇರುಸಮೇತ ಕಿತ್ತು ಬಂತು.

"ಕಾಕಾ, ಅವ್ವ ಮಾತು ಬಿಟ್ಟಾಳ್ರಿ," ಅಂದ ರಮೇಶ. "ಕಾರಿನ ಕೀಲಿ ಎಲಿ-ಅಡಿಕಿ ಚೀಲದಾಗ ಹಾಕ್ಕೊಂಡ ಕುಂತಾಳ. ಕಡ್ಡಿ ಕೊಯ್ದು ಹಸಿ ಗೋಣಿತಾಟದಾಗ ಸುತ್ತ್ಯಾಳ. ಮಲ್ಲಿಕಸಾಬನ್ನ ಕರಕೊಂಡ ಬಂದ್ರ ಬಾ, ಇಲ್ಲಂದ್ರ ನಿನ್ನ ಕಾರಿನಾಗ ಸಂಸಾರ ಮಾಡ ಹೋಗು ಅಂದಾಳ."

"ಮಾತು ಬಿಟ್ಟಾಳ ಅಂದಿ?"

"ಅದೇ ಆಕಿ ಮಾತು ಬಿಡೂ ಪದ್ಧತಿರಿ."

ಮಲ್ಲಿಕಸಾಬ ಎರಡನೆಯ ಮಾತಾಡದೆ ಚೀಲ ಹೆಗಲಿಗೇರಿಸಿದ. ಆ ಬಳ್ಳಿ ಎಂಥದೆಂದು ಅವನಿಗೆ ಗೊತ್ತಿತ್ತು. ಮಲಕವ್ವನ ಗಂಡ ಭೀಮಾಶಂಕರ ಮದುವೆಯಾದ ಹೊಸದರಲ್ಲಿ ವಿಜಯಪುರದ ಜೋರಾಪುರ ಪೇಟೆಯ ಯಾರದೋ ಹಿತ್ತಲಿನಿಂದ ಒಂದು ಕಡ್ಡಿ ಬೇಡಿ, ಹಸಿ ಟವೆಲ್ಲಿನಲ್ಲಿ ಸುತ್ತಿ, ಸೈಕಲ್ಲಿನ ಮೇಲೆ ತಂದು ನೆಟ್ಟದ್ದು. ಕಪ್ಪು ಹಣ್ಣು, ಒಳಗೆ ಬೀಜ. ಮಾರುಕಟ್ಟೆಗೆ ಬೇಡವಾದದ್ದು. ಆದರೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡವರಿಗೆ ಮುಂದಿನ ವಾರವಿಡೀ ಬೆಲ್ಲ ಸಪ್ಪೆಯೆನಿಸುತ್ತಿತ್ತು. ಆ ಹಿತ್ತಲು ಈಗ ಇಲ್ಲ, ಅಲ್ಲೊಂದು ಮೂರಂತಸ್ತಿನ ಬಟ್ಟೆ ಅಂಗಡಿ. ಭೀಮಾಶಂಕರನೂ ಇಲ್ಲ. ಕಡ್ಡಿಯನ್ನೇ ನೆಟ್ಟು ಬೆಳೆಸೋಣವೆಂದರೆ, ಕೊಳವೆಬಾವಿಯ ನೀರು ಉಪ್ಪಾದ ಮೇಲೆ ರಮೇಶ ಹಾಗೆ ಮಾಡಿ ನೋಡಿದ್ದ, ಎಲ್ಲವೂ ಕರಟಿದ್ದವು. ಉಪ್ಪು ತಡೆಯುವುದು ಜಂಗಲಿ ದ್ರಾಕ್ಷಿಯ ಬೇರು ಮಾತ್ರ. ಅದರ ನಾಲ್ಕು ಗಿಡ ಹೊಲದ ಬದಿಗೆ ಇದ್ದವು. ಅವಕ್ಕೆ ಈ ಕಡ್ಡಿ ಹತ್ತಿದರೆ ಬಳ್ಳಿ ಉಳಿಯಿತು. ಇಲ್ಲದಿದ್ದರೆ ಆ ರುಚಿ ಭೂಮಿಯ ಮೇಲಿಂದಲೇ ಹೋಯಿತು.

ಮೊಪೆಡ್ಡಿನ ಹಿಂದೆ ಮಾಸ್ತರನನ್ನು ಕೂರಿಸಿಕೊಂಡು ಅವನು ತಿಕೋಟಾ ಮುಟ್ಟಿದಾಗ ಗಾಳಿ ಜೋರಾಗಿತ್ತು. ಆ ಊರಿನ ಶ್ರಾವಣದ ಗಾಳಿಗೆ ಒಗೆದ ಪಂಚೆ ಹಿಂಡುವುದರೊಳಗೇ ಒಣಗುತ್ತದೆ. ಮಲಕವ್ವ ಕಟ್ಟೆಯ ಮೇಲೆ ಗೋಣಿತಾಟವನ್ನು ಬಾಣಂತಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬಂದ್ಯಾ ಮಲ್ಲಿಕಣ್ಣ? ಗಿಡದ ವೈರಿನ್ನೂ ಬೆನ್ನ ಹಿಂದ ಹೊತ್ತಗೊಂಡ ಬಂದೀ?"

ಮಲ್ಲಿಕಸಾಬ ಗೋಣಿತಾಟ ಬಿಚ್ಚಿದ. ಊರಿಗೆಲ್ಲ ನೆರಳು ಹಾಸುವಷ್ಟಿದ್ದ ಬಳ್ಳಿಯಲ್ಲಿ ಕಸಿಗೆ ಒಪ್ಪುವ ಕಡ್ಡಿ ಬೆರಳೆಣಿಕೆ. ಉಳಿದವು ಎಳಸು, ಇಲ್ಲವೇ ಸೀಳಿದ್ದವು, ಇಲ್ಲವೇ ಮಲಕವ್ವ ಅತ್ತು ಮುಗಿಸಿ ಕತ್ತರಿ ಹಿಡಿಯುವಷ್ಟರಲ್ಲಿ ಗಾಳಿಗೆ ಸಿಕ್ಕಿದ್ದವು. ಅವನು ಒಂದರ ತೊಗಟೆಯನ್ನು ಉಗುರಿನಿಂದ ಕೆರೆದ. ಕೆಳಗೆ ಹಸಿರು ಗೆರೆ ಕಂಡಿತು.

"ಜೀವ ಐತಕ್ಕಾ. ಆದ್ರ ಹೊತ್ತು ಮುಳಗೂದ್ರಾಗ ಕಟ್ಟಬೇಕು. ನಾಳೀಗೆ ಇವು ಒಲಿ ಪಾಲು."

"ಹಂಗಾರ ಕಟ್ಟೋ ಯಪ್ಪಾ, ಕುಂತೀ ಯಾಕ?"

"ಚಾಕು ಮಸಿಬೇಕು. ಚಾಕು ಮಸಿಯೂಕಿಂತ ಮೊದಲ ಕಲ್ಲು ಸಪಾಟ ಮಾಡಬೇಕು."

ಚೀಲದಿಂದ ಹೊಸ ಕಲ್ಲು ಹೊರಬಂತು. ರಮೇಶ ಅದನ್ನು ನೋಡಿ, "ಸಪಾಟ ಐತಲ್ರಿ ಕಾಕಾ" ಅಂದ.

"ಮುಂಜಾನಿ ನಿನ್ನ ಗೇರೂ ಬರೋಬ್ಬರಿ ಕಂಡಿತ್ತಲ್ಲ, ಮಾಸ್ತರ?"

ರಮೇಶ ಒಳಗೆ ಹೋಗಿ ಅವನು ಕೇಳಿದ ಪೆನ್ಸಿಲ್ ತಂದುಕೊಟ್ಟ. ಮಲ್ಲಿಕಸಾಬ ಕಲ್ಲಿನ ಮೈಮೇಲೆ ಅಡ್ಡಡ್ಡ, ಉದ್ದುದ್ದ ಗೆರೆ ಎಳೆದು ಚೌಕಾಬಾರದ ಮನೆ ಬರೆದಂತೆ ಮಾಡಿದ. ಮರಳು ಮೆತ್ತಿದ ಪಾಲಿಶ್ ಕಾಗದದ ಮೇಲೆ ತಿಕ್ಕಿದಾಗ ಕಲ್ಲು ಎಲ್ಲಿ ಉಬ್ಬಿದೆಯೋ ಅಲ್ಲಿ ಗೆರೆ ಮೊದಲು ಅಳಿಯುತ್ತದೆ, ಎಲ್ಲಿ ತಗ್ಗಿದೆಯೋ ಅಲ್ಲಿ ಉಳಿಯುತ್ತದೆ. ಎಲ್ಲ ಗೆರೆ ಅಳಿದ ಮೇಲೆ ಕಲ್ಲು ಸಪಾಟು. ಅಷ್ಟು ಹೇಳಿ, ಮಲಕವ್ವನಿಗೆ ಒಂದು ಬಕೆಟ್ ನೀರು ತಂದಿಡಲು ತಿಳಿಸಿ, ಅವನು ಬೇರಿನ ಗಿಡಗಳನ್ನು ನೋಡಲು ಹೊಲದ ಬದಿಗೆ ಹೋದ. ರಮೇಶ ಹಿಂಬಾಲಿಸಿದ.

ತಿರುಗಿ ಬಂದು ನೋಡಿದರೆ ಬಕೆಟ್ ತುಂಬ ನೀರು ಇತ್ತು. ಕಲ್ಲು ಮಣೆಯ ಮೇಲೆ ಕೂತಿತ್ತು. ಮೈತುಂಬ ಎಣ್ಣೆ, ಎಣ್ಣೆಯ ಮೇಲೆ ಅರಿಸಿನ, ಅರಿಸಿನದ ಮೇಲೆ ಕುಂಕುಮ, ನೆತ್ತಿಗೊಂದು ದಾಸವಾಳ. ಎದುರಿಗೆ ಮಲಕವ್ವ ಕಣ್ಣು ಮುಚ್ಚಿ ಕೈಮುಗಿದಿದ್ದಳು.

ಮಲ್ಲಿಕಸಾಬನ ಬಾಯಿಗೆ ಬಂದ ಮೊದಲ ಮಾತನ್ನು ಅವನು ನುಂಗಿದ. ಎರಡನೆಯದನ್ನೂ ನುಂಗಿದ. ಆ ಹೊತ್ತು ಅವನು ನುಂಗಿದ ಮಾತುಗಳು ಹೊಟ್ಟೆಯಲ್ಲಿ ಅರಗಲು ದೀಪಾವಳಿಯವರೆಗೆ ಬೇಕಾಯಿತು.

"ಅಕ್ಕಾ... ಏನ ಮಾಡಿದಿ ಇದು?"

"ಹೊಸಾ ಕಲ್ಲು ಮನಿಗೆ ಬಂದೈತಿ. ಒಳ್ಳಕಲ್ಲಿರಲಿ, ಬೀಸೂಕಲ್ಲಿರಲಿ, ಎಣ್ಣಿ ಹಚ್ಚದ ಯಾರರ ಕೆಲಸಕ್ಕ ಹಚ್ಚತಾರೇನು?" ಮಲಕವ್ವನ ದನಿ ಒಮ್ಮೆಲೇ ಇಳಿಯಿತು. "ಮುಂಜಾನಿ ಕಾರಿಗೆ ಗಡಬಡಿಸಿ ಪೂಜಾ ಮಾಡಿದ್ವಿ. ದೀಪಕ್ಕ ಎಣ್ಣಿ ಹಾಕೂದ ಮರತ್ನಿ. ಅದಕ್ಕ ಹಿಂಗಾತು. ಇದಕ್ಕರ ಎಲ್ಲಾ ಬರೋಬ್ಬರಿ ಆಗಲಿ ಅಂತ..."

ಅವನಿಗೆ ಬಯ್ಯಲಾಗಲಿಲ್ಲ. "ಅಕ್ಕಾ, ಇದು ನೀರ ಕುಡಿಯೂ ಕಲ್ಲು. ಎಣ್ಣಿ ಕುಡದ್ರ ಇದರ ಬಾಯಿ ಕಟ್ಟತೈತಿ. ಚಾಕು ಬರೇ ಜಾರತೈತಿ, ಹರಿತ ಆಗೂದಿಲ್ಲ."

ಮಲಕವ್ವ ಸೆರಗಿನಿಂದ ಕಲ್ಲನ್ನು ಒರೆಸಿದಳು. ಎಣ್ಣೆ ಮೇಲಿದ್ದರಲ್ಲವೇ ಒರೆಸಲು? ಬೇಸಿಗೆಯ ಎರೆಹೊಲ ಮೊದಲ ಮಳೆ ಕುಡಿಯುವಂತೆ ಕಲ್ಲು ಅದನ್ನು ಕುಡಿದಿತ್ತು. "ಹಂಗಾರ ನಾನೂ ಒಂದ ಸಲ ತುಳದೆ ಆ ಬಳ್ಳಿನ," ಅಂದಳು.

"ಗಡ್ಡದ ಬ್ಲೇಡಿಲೆ ಕೊಯ್ದ್ರ ಹೆಂಗ್ರಿ ಕಾಕಾ?" ಅಂದ ರಮೇಶ.

"ಕಡ್ಡಿಗೆ ಗಡ್ಡ ಬಂದಿಲ್ಲ ಮಾಸ್ತರ. ಬ್ಲೇಡು ಬಾಗತೈತಿ, ಕಡ್ಡಿ ಸೀಳತೈತಿ." ಮಲ್ಲಿಕಸಾಬ ಕಲ್ಲನ್ನು ಸೋಡಾಪುಡಿ ಹಾಕಿ ತೊಳೆದು ಬಿಸಿಲಿಗೆ ಹಿಡಿದು ನೋಡಿದ. "ಎಣ್ಣಿ ಇಳದಲ್ಲಿ ತನಕ ಮೈ ತಿಕ್ಕಿ ತಗೀಬೇಕು. ಸಪಾಟ ಮಾಡೂದು ಹೆಂಗಿದ್ರೂ ಇತ್ತು, ಈಗ ಆಳಕ್ಕ ಮಾಡೂದು. ಅಂಗೈ ಅಲ್ಲ, ಕನ್ನಡಿಯಂಥ ಸಪಾಟ ಜಾಗಾ ಬೇಕು. ಏನೈತಿ ಮನ್ಯಾಗ?"

ಹುಡುಕಾಟ ಶುರುವಾಯಿತು. ಫರ್ಸಿ ಕಲ್ಲಿನ ನೆಲ ಅಂಗಾಲಿಗೆ ಸಪಾಟು, ಮಸೆಗಲ್ಲಿಗೆ ಗುಡ್ಡ-ಕಣಿವೆ. ಮೇಜಿನ ಹಲಗೆ ಬಾಗಿತ್ತು. ರೊಟ್ಟಿ ಬಡಿಯುವ ಮರದ ಕೊಣಮಿಗೆಯನ್ನು ಹಲಗೆ ಎಂದು ಕರೆದದ್ದೇ ತಪ್ಪು ಎನ್ನುವಷ್ಟು ಅದು ತಗ್ಗಾಗಿತ್ತು. ಗೋಡೆಯ ಕನ್ನಡಿ ಅಂಗೈ ಅಗಲ. ರಮೇಶ ಅಂಗಳದ ಕಡೆ ನೋಡಿ, "ಕಾರಿನ ಕಾಚು..." ಅಂದ.

"ತಗಿ!" ಅಂದಳು ಮಲಕವ್ವ, ಮಗ ಮುಗಿಸುವ ಮೊದಲೇ.

ಆದರೆ ಕಾರಿನ ಗಾಜಿಗೆ ಹೊಟ್ಟೆಯಿತ್ತು. ಮಲ್ಲಿಕಸಾಬ ಬೆರಳಾಡಿಸಿ ತಲೆಯಾಡಿಸಿದ. ತಿಕೋಟಾದ ಅಂಗಡಿಗಳು ಬಾಗಿಲು ಹಾಕಿದ್ದವು. ವಿಜಯಪುರಕ್ಕೆ ಹೋಗಿ ಗಾಜು ಕೊಯ್ಯಿಸಿ ತರುವಷ್ಟರಲ್ಲಿ ಸೂರ್ಯ ಕಾಯುವುದಿಲ್ಲ. ಮೂವರೂ ಪಡಸಾಲೆಯಲ್ಲಿ ನಿಂತರು. ಮೂವರ ಕಣ್ಣೂ ಗೋಡೆ ಸುತ್ತಿ ಒಂದೇ ಕಡೆ ನಿಂತವು.

ಭೀಮಾಶಂಕರನ ಫೋಟೋ. ರುಮಾಲು ಸುತ್ತಿ, ಸೈಕಲ್ ಹಿಡಿದು ನಿಂತದ್ದು. ಮಲಕವ್ವ ಅದನ್ನು ದೊಡ್ಡದು ಮಾಡಿಸಿ, ಅಂಗಡಿಯವನು ಬೇಡವೆಂದರೂ ದಪ್ಪ ಗಾಜು ಹಾಕಿಸಿದ್ದಳು. ಅದಕ್ಕೊಂದು ಚಿಲಕ ಹಾಕಿದ್ದರೆ ಬಾಗಿಲಾಗುತ್ತಿತ್ತು.

ಮಲಕವ್ವ ತಾನೇ ಸ್ಟೂಲು ಹತ್ತಿ ಫೋಟೋ ಇಳಿಸಿದಳು. ತಾನೇ ಹಿಂದಿನ ಮೊಳೆ ಬಿಚ್ಚಿದಳು. ಗಾಜನ್ನು ಸೆರಗಿನಿಂದ ಒರೆಸಿ ಮಲ್ಲಿಕಸಾಬನ ಮುಂದಿಟ್ಟು, "ಕಾಗದ ಹಾಸಿ ತಿಕ್ಕಿದ್ರ ಇದಕ್ಕೇನ ಆಗೂದಿಲ್ಲ ಹೌದಿಲ್ಲೋ?" ಅಂದಳು.

"ಆಗೂದಿಲ್ಲಕ್ಕಾ."

ಗಾಜಿನ ಮೇಲೆ ನೀರು, ನೀರಿನ ಮೇಲೆ ಪಾಲಿಶ್ ಕಾಗದ, ಅದರ ಮೇಲೆ ಕಲ್ಲು. ಮಲ್ಲಿಕಸಾಬ ಮಂಡಿಯೂರಿ ತಿಕ್ಕತೊಡಗಿದ. ಮೊದಲು ಅರಿಸಿನದ ಹಳದಿ ರಾಡಿ ಬಂತು, ಆಮೇಲೆ ಎಣ್ಣೆ ಬೆರೆತ ಕೆಸರು. ಕೆಸರು ಕಾಗದದ ಹಲ್ಲನ್ನೆಲ್ಲ ಮೆತ್ತಿ ಮುಚ್ಚಿತು. ತಿಕ್ಕಿದ, ತೊಳೆದ, ಮತ್ತೆ ಗೆರೆ ಎಳೆದ, ಮತ್ತೆ ತಿಕ್ಕಿದ. ಕಲ್ಲಿನ ಅಂಚುಗಳ ಗೆರೆ ಅಳಿದವು. ನಡುವಿನವು ಉಳಿದವು. ಹೊಸ ಕಲ್ಲಿಗೂ ಹುಟ್ಟಿನಿಂದಲೇ ನಡು ತಗ್ಗಿತ್ತು. ಅವನ ಬೆವರು ಗಾಜಿನ ಮೇಲೆ ತೊಟ್ಟಿಕ್ಕಿತು; ಬಕೆಟ್ಟಿನ ನೀರು ಮುಗಿದಿದ್ದರೂ ನಡೆಯುತ್ತಿತ್ತು, ಅಷ್ಟು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಮಲಕವ್ವ ಗೋಣಿತಾಟಕ್ಕೆ ನೀರು ಚಿಮುಕಿಸುತ್ತಲೇ ಇದ್ದಳು.

ಕಾಗದ ಹರಿದುಹೋಯಿತು. ಇದ್ದ ಇನ್ನೊಂದೂ ಹರಿಯಿತು. ಕಲ್ಲಿನ ನಡುವೆ ಕಡಲೆಕಾಳಗಲದಲ್ಲಿ ಗೆರೆ ಇನ್ನೂ ಇತ್ತು, ಅಣಕಿಸುವಂತೆ.

"ಇಷ್ಟಕ್ಕ ನಡಿಯೂದಿಲ್ಲೇನ್ರಿ?" ಎಂದು ರಮೇಶ ಮೆಲ್ಲಗೆ ಕೇಳಿದ.

"ಹ್ವಾದ ವರ್ಷ ನಾನೂ ಇಷ್ಟಕ್ಕ ನಡೀತೈತಿ ಅಂದಿದ್ನಿ."

ಅವನು ಮಲಕವ್ವನ ಕಡೆ ತಿರುಗಿದ. "ಮನಿ ಕಟ್ಟಿಸಿದಾಗ ಉಳದ ಉಸುಕೈತಿ ಹಿತ್ತಲದಾಗ. ಸಾಣಿಗಿಲೆ ಸಣ್ಣಗ ಸೋಸಿ ಕಾಚಿನ ಮ್ಯಾಲೆ ಹಾಕಿ ತಿಕ್ಕಿದ್ರ ಕೆಲಸ ಆಕ್ಕೈತಿ. ಆದ್ರ ಕಾಚು ಮತ್ತ ಕಾಚಾಗಿ ಉಳ್ಯೂದಿಲ್ಲಕ್ಕಾ. ಬೂದಿ ಬಳದಂಗ ಆಕ್ಕೈತಿ. ಒಡದ್ರೂ ಒಡೀಬಹುದು."

ಮಲಕವ್ವ ಗೋಡೆಗೆ ಒರಗಿಸಿದ್ದ ಗಂಡನ ಕಡೆ ನೋಡಿದಳು. ಗಾಜಿಲ್ಲದ ಭೀಮಾಶಂಕರನಿಗೆ ಗಾಳಿ ಬಡಿಯುತ್ತಿತ್ತು. ಆಮೇಲೆ ತೊಡೆಯ ಮೇಲಿನ ಗೋಣಿತಾಟ ನೋಡಿದಳು. ಎದ್ದು ಒಳಗೆ ಹೋಗಿ ಹಿಟ್ಟಿನ ಸಾಣಿಗೆ ತಂದು ಮಗನ ಕೈಗೆ ಕೊಟ್ಟಳು. ಮುಂಜಾನೆಯಿಂದ ಅವನ ಜೊತೆ ನೆಟ್ಟಗೆ ಆಡಿದ ಮೊದಲ ಮಾತು: "ಸಣ್ಣಗ ಸೋಸಲೇ. ಹರಳ ಬಂದ್ರ ನಿನ್ನ ತಲಿಮ್ಯಾಲೆ ತಿಕ್ಕಸ್ತೇನಿ."

ಉಸುಕು ಗಾಜಿನ ಮೇಲೆ ಬಿದ್ದು ಕಲ್ಲು ಅದರ ಮೇಲೆ ಓಡಿದಾಗ ಎದ್ದ ಸದ್ದಿಗೆ ತಿಕೋಟಾದ ನಾಯಿಗಳೆಲ್ಲ ಅರಕೇರಿಯವರೆಗೆ ಓಡಿಹೋದವಂತೆ. ಮಲಕವ್ವ ಹಲ್ಲು ಕಚ್ಚಿ ಕೂತಳು. ಕಣ್ಣೆದುರೇ ಗಾಜು ಮಂಜಾಯಿತು. ಅರ್ಧ ತಾಸಾಗಿರಬೇಕು, 'ಚಟ್' ಅಂತು.

ಗಾಜಿನ ಮೂಲೆಯಿಂದ ಒಂದು ಬಿರುಕು ಹೊರಟು ಗೇಣುದ್ದ ಬಂದು ನಿಂತಿತು. ಮಲ್ಲಿಕಸಾಬ ಕೈ ಎತ್ತಿದ. ಬಿರುಕು ಮುಂದೆ ಓಡಲಿಲ್ಲ. ಅವನು ಕಲ್ಲನ್ನು ಈಚೆಯ ಅರ್ಧಕ್ಕೆ ಸರಿಸಿ, ಭಾರ ಹಾಕದೆ, ಮಲಗಿದ ಕೂಸಿನ ಬೆನ್ನು ಸವರುವಷ್ಟು ಹಗುರಾಗಿ ತಿಕ್ಕಿದ. ತೊಳೆದು ಎತ್ತಿದಾಗ ಒಂದು ಗೆರೆಯೂ ಇರಲಿಲ್ಲ. ನೀರು ಹಾಕಿದರೆ ಹನಿ ಜಾರದೆ ಕಲ್ಲು ಕುಡಿಯಿತು. ಎಣ್ಣೆಯೂ ಹೋಗಿತ್ತು.

ಅಂಚಿನ ಚೂಪು ಮುರಿದು, ಕಲ್ಲನ್ನು ನೀರಿಗೆ ಬಿಟ್ಟು, ಗುಳ್ಳೆ ನಿಂತ ಮೇಲೆ ಚಾಕು ಮಸೆದ. ಹಿತ್ತಲಲ್ಲಿ ಬಿದ್ದ ಒಂದು ಕೆಟ್ಟ ಕಡ್ಡಿಯನ್ನು ತಂದು ಓರೆಯಾಗಿ ಕೊಯ್ದು, ಎರಡು ತುಂಡನ್ನೂ ಕೂಡಿಸಿ ಇಳಿಬಿಸಿಲಿಗೆ ಹಿಡಿದ. ನಡುವೆ ಬೆಳಕು ತೂರಲಿಲ್ಲ.

ಕಲ್ಲು ಸರಿಯಾಗಿತ್ತು. ಚಾಕು ಸರಿಯಾಗಿತ್ತು. ಇನ್ನು ಕಡ್ಡಿ ಒಣಗಿದರೆ ಬಯ್ಯಲು ಕೈ ಒಂದೇ ಉಳಿದಿತ್ತು. ಈ ವಿಚಾರ ತಲೆಗೆ ಬಂದದ್ದೇ ತಡ, ಮಲ್ಲಿಕಸಾಬ ಚಾಕುವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದ. ಮೊದಲ ಕಡ್ಡಿ ಕೊಯ್ಯುವಾಗ ಚಾಕು ಆಳಕ್ಕೆ ಹೋಗಿ ತುದಿ ಕತ್ತರಿಸಿ ಬಿತ್ತು. ಒಂದು ಹೋಯಿತು.

ಮಲಕವ್ವ ಬಿದ್ದ ತುದಿಯನ್ನು ನೋಡಿದಳು, ಅವನ ಮುಖ ನೋಡಿದಳು. "ಮಲ್ಲಿಕಣ್ಣ, ಅವರು ಇದನ್ನ ತಂದಾಗ ಸೈಕಲ್ ಮ್ಯಾಲಿಂದ ಎರಡ ಸಲ ಬಿದ್ದಿದ್ರು. ಕಡ್ಡಿ ಹತ್ತಲಿಲ್ಲೇನು? ಕೊಯ್ಯಿ ನೀ."

ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡ. ಬಿಸ್ಮಿಲ್ಲಾ ಅಂದು ಎರಡನೆಯ ಕಡ್ಡಿ ಹಿಡಿದ. ಒಂದೇ ಎಳೆತ, ಹೊರಳಿಸಿ ಇನ್ನೊಂದೇ ಎಳೆತ. ಕಡ್ಡಿಯ ಕೊಯ್ದ ಮುಖ ಹಸಿ ಬೆಣ್ಣೆಯಂತೆ ಹೊಳೆಯಿತು. ಬೇರಿನ ಗಿಡದ ತಲೆ ಕತ್ತರಿಸಿ, ಸೀಳಿ, ಹಸಿರು ಗೆರೆಗೆ ಹಸಿರು ಗೆರೆ ಕೂಡುವಂತೆ ಇಳಿಸಿದ. ಬೇರೆ ದಿನ ಜೊತೆಗೆ ಬಂದು ಮಕ್ತುಮಬಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನು ಆ ದಿನ ಮಲಕವ್ವ ಕಟ್ಟಿದಳು, ಕೂಸಿಗೆ ಕುಲಾವಿ ಕಟ್ಟುವಂತೆ. ರಮೇಶ ಗಾಳಿಗೆ ಅಡ್ಡ ಕಂಬಳಿ ಹಿಡಿದು ನಿಂತ. ಸೀನು ಬಂದರೂ ಒಳಗೇ ಎಳೆದುಕೊಂಡ. ಕೊನೆಯ ಗಿಡಕ್ಕೆ ಪಟ್ಟಿ ಬಿಗಿದಾಗ ಸೂರ್ಯ ಮುಳುಗಿ, ಏನಾಯಿತೆಂದು ನೋಡಲು ಒಂದು ಕ್ಷಣ ಮತ್ತೆ ಇಣುಕಿದನೆಂದು ರಮೇಶ ಇಂದಿಗೂ ಆಣೆ ಮಾಡುತ್ತಾನೆ.

ಆಮೇಲಿನ ದಿನಗಳಲ್ಲಿ ಮಲ್ಲಿಕಸಾಬನಿಗೆ ಎಲ್ಲಿಗೆ ಹೋಗಬೇಕಾದರೂ ದಾರಿ ತಿಕೋಟಾದ ಮೇಲೆಯೇ ಹೋಗುತ್ತಿತ್ತು. ಗಿಡದ ಹತ್ತಿರ ಹೋಗುತ್ತಿರಲಿಲ್ಲ. ರಸ್ತೆಯಲ್ಲೇ ಮೊಪೆಡ್ ನಿಲ್ಲಿಸಿ, ಮಲಕವ್ವ ಕೈ ಅಲ್ಲಾಡಿಸಿ 'ಇನ್ನೂ ಇಲ್ಲ' ಅಂದರೆ ಮುಂದೆ ಹೋಗುತ್ತಿದ್ದ. ಒಂದು ಗಿಡದ ಕಡ್ಡಿ ಕಪ್ಪಾಯಿತು. ಇನ್ನೊಂದೂ ಒಣಗಿತು. ಆ ವಾರ ಅವನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದನೆಂದು ಮಕ್ತುಮಬಿ ನೆರೆಯವರ ಹತ್ತಿರ ಹೇಳಿಕೊಂಡಳು. ಒಂದು ಮುಂಜಾನೆ ಮಲಕವ್ವ ರಸ್ತೆಗೇ ಬಂದು ನಿಂತಿದ್ದಳು. ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಉಳಿದೆರಡರಲ್ಲಿ ಒಂದರ ಕಣ್ಣು ಒಡೆದು, ಗುಂಡುಸೂಜಿಯ ತಲೆಯಷ್ಟು ಕೆಂಪು ಚಿಗುರು ಬಂದಿತ್ತು.

ಮಲ್ಲಿಕಸಾಬ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಆಗ ಅವನ ಕಣ್ಣಿಗೆ ಗಿಡದ ಸುತ್ತಲೂ ಇಟ್ಟಿದ್ದ ಕಲ್ಲುಗಳು ಬಿದ್ದವು. ಕಾರಲ್ಲ, ಲಾರಿ ಹಿಂದಕ್ಕೆ ಬಂದರೂ ತಡೆಯುವಂಥ ಗುಂಡುಗಳು. ಒಂದೊಂದಕ್ಕೂ ಎಣ್ಣೆ, ಅರಿಸಿನ, ಕುಂಕುಮ.

"ಇವಕ್ಕ ಹಚ್ಚಬಹುದಲ್ಲೋ ಯಣ್ಣಾ?" ಅಂದಳು ಮಲಕವ್ವ, ಸ್ವಲ್ಪ ಅಂಜುತ್ತ.

"ಇವಕ್ಕ ಡಬ್ಬೀನ ಸುರುವು ಅಕ್ಕಾ," ಅಂದ ಮಲ್ಲಿಕಸಾಬ.

ಚಹಾಕ್ಕೆಂದು ಒಳಗೆ ಹೋದರೆ ಗೋಡೆಯ ಮೇಲೆ ಭೀಮಾಶಂಕರ ಮತ್ತೆ ತನ್ನ ಜಾಗದಲ್ಲಿದ್ದ, ಅದೇ ಮಂಜು ಗಾಜಿನ ಹಿಂದೆ, ಬಿರುಕು ಸಮೇತ. ರಮೇಶ ಹೊಸ ಗಾಜು ತಂದಿದ್ದ. ಅದು ಬಿಚ್ಚದೆ ಮೂಲೆಯಲ್ಲಿತ್ತು.

"ಅದನ್ನ ಯಾಕ ಹಾಕಿಲ್ಲಕ್ಕಾ?"

"ಇರಲಿ ಬಿಡು," ಅಂದಳು ಮಲಕವ್ವ ಕಪ್ಪಿಗೆ ಚಹಾ ಸೋಸುತ್ತ. "ಆ ಕಡ್ಡಿ ತಂದ ದಿನಾ ಹಿಂಗ ಇದ್ರು. ಮುಖ ಗುರ್ತ ಹತ್ತಿರಲಿಲ್ಲ, ಅಷ್ಟ ಧೂಳ."